ಐತಪ್ಪನ ಇನ್ನೊಂದು ಕೈ

ನಮ್ಮ ಕನ್ನಡ ಸಂಘದ ಸ್ಮರಣ ಸಂಚಿಕೆಯಲ್ಲಿ ಪ್ರತಿ ವರ್ಷ 'ಸಾಧಕರ ಪರಿಚಯ' ಎಂದು ನಾಲ್ಕು ಪುಟ ಇರುತ್ತದೆ. ಈ ಸಲ ಊರಿನಲ್ಲಿ ಸಾಧಕರಿಗೆ ಬರ ಬಂದಿರಬೇಕು, ನನ್ನನ್ನು ಕೇಳಿದ್ದಾರೆ. 'ಐಸ್ ಫ್ಯಾಕ್ಟರಿಯನ್ನು ಮೊಬೈಲಿನಲ್ಲೇ ನಡೆಸುವ ತಿರುಮಲೇಶ್' ಎಂದು ತಲೆಬರಹವನ್ನೂ ಅವರೇ ಕೊಟ್ಟು, ನಿಮ್ಮ ಬಗ್ಗೆ ನೀವೇ ಬರೆದು ಒಂದು ಒಳ್ಳೆಯ ಫೋಟೋ ಜೊತೆ ಕಳಿಸಿ ಎಂದರು. ನಾಚಿಕೆಯಾಯಿತು ಎಂದು ಬರೆದರೆ ಸುಳ್ಳಾಗುತ್ತದೆ. ಅಂದು ಸಂಜೆಯೇ ಕೂತು ಆರು ಪುಟ ಬರೆದೆ. ಫೋಟೋಗೆ ಕೋಟು ಇಸ್ತ್ರಿ ಮಾಡಿಸಿದೆ.

ನನ್ನ ಹೆಂಡತಿ ವಿನೋದಾ ಆರೂ ಪುಟ ಓದಿ, ಕನ್ನಡಕ ತೆಗೆದು ಕೇಳಿದಳು. "ಇದರಲ್ಲಿ ಐತಪ್ಪ ಎಲ್ಲಿ ಇದಾನೆ?"

"ಮೂರನೇ ಪುಟದಲ್ಲಿ ಬಂದಿದಾನಲ್ಲೇ. 'ನಿಷ್ಠಾವಂತ ನೌಕರರು' ಅಂತ."

"ಆ ಮದುವೆ ದಿನದ ವಿಷಯ?"

ನಾನು ಫ್ಯಾನಿನ ಕಡೆ ನೋಡಿದೆ.

"ಬರೆದರೆ ಅದನ್ನ ಬರೀರಿ. ಇಲ್ಲಾಂದ್ರೆ ಸುಮ್ನೆ ಆ ಕೋಟು ಒಳಗಿಡ್ತೀನಿ," ಎಂದಳು.

ಕೋಟು ಒಳಗೆ ಹೋಯಿತು. ಆರು ಪುಟ ಹರಿದು ಹಾಕಿದೆ. ಆದ್ದರಿಂದ ಸಂಪಾದಕರೇ, ನೀವು ಕೇಳಿದ್ದು ಒಂದು, ಈಗ ಸಿಗುತ್ತಿರುವುದು ಇನ್ನೊಂದು. ಇದು ಐತಪ್ಪನ ಪರಿಚಯ. ಇದರಲ್ಲಿ ನಾನು ಬರುವ ಕಡೆಯೆಲ್ಲ ಕತ್ತೆಯ ಪಾತ್ರದಲ್ಲಿ ಬರುತ್ತೇನೆ.

ಮೊದಲು ಫ್ಯಾಕ್ಟರಿಯ ವಿಷಯ. ನಾವು ಮುತ್ತಜ್ಜನ ಕಾಲದಿಂದ ಮದ್ರಾಸಿನ ತ್ರಿಪ್ಲಿಕೇನಿನವರು. ಮನೆಯಲ್ಲಿ ಎಲ್ಲರೂ ಬ್ಯಾಂಕು, ರೈಲ್ವೆ, ಏಜೀಸ್ ಆಫೀಸು. ನನ್ನ ಅಪ್ಪ ಒಬ್ಬರೇ ದಾರಿ ತಪ್ಪಿ, ಊರು ಬಿಡುತ್ತಿದ್ದ ಸ್ನೇಹಿತನಿಂದ ರಾಯಪುರಂನಲ್ಲಿ ಒಂದು ಐಸ್ ಫ್ಯಾಕ್ಟರಿ ತೆಗೆದುಕೊಂಡರು. ಮೀನು ದೋಣಿಗಳಿಗೆ ಐಸ್ ಹಾಕುವ ಫ್ಯಾಕ್ಟರಿ. ಏಕಾದಶಿಗೆ ನೀರೂ ಮುಟ್ಟದ ನಮ್ಮ ಅಜ್ಜಿಗೆ ಅದನ್ನು ಹೇಳುವುದು ಹೇಗೆ? ಐಸು ಆಸ್ಪತ್ರೆಗೆ ಹೋಗುತ್ತದೆ, ಕಲ್ಯಾಣ ಮಂಟಪಕ್ಕೆ ಹೋಗುತ್ತದೆ ಎಂದು ಅಪ್ಪ ಹೇಳಿದರು. ಮದ್ರಾಸಿನಲ್ಲಿ ಇಷ್ಟೊಂದು ಮದುವೆಯೇ ಎಂದು ಆಕೆ ಸಾಯುವವರೆಗೂ ಆಶ್ಚರ್ಯಪಡುತ್ತಿದ್ದರು.

ಅಪ್ಪನ ನಂತರ ಫ್ಯಾಕ್ಟರಿ ನನ್ನ ಕೈಗೆ ಬಂತು. ಕೈಗೆ ಎಂದರೆ ಮಾತಿಗೆ ಹೇಳಿದ್ದು. ನಾನು ದಿನಕ್ಕೆ ಒಂದು ಸಲ ಹೋಗಿ, ಗೇಟಿನ ಪಕ್ಕದ ಆಫೀಸ್ ರೂಮಿನಲ್ಲಿ ಮೂಗಿಗೆ ಕರ್ಚೀಫು ಹಿಡಿದು ಒಂದು ಗಂಟೆ ಕೂತು, ಮನೆಗೆ ಬಂದು ತಲೆಗೆ ಸ್ನಾನ ಮಾಡುತ್ತಿದ್ದೆ. ಒಳಗೆ ಮಿಷನ್ನುಗಳ ಹತ್ತಿರ ಹೋದದ್ದು ಆಯುಧಪೂಜೆಗೆ ಮಾತ್ರ. ಒಳಗೆ ಐತಪ್ಪ ಇದ್ದನಲ್ಲ!

ಐತಪ್ಪ ವಿಟ್ಲದ ಹತ್ತಿರದ ಒಂದು ಹಳ್ಳಿಯವನು. ಎಂಬತ್ತನಾಲ್ಕರಲ್ಲಿ, ಇಪ್ಪತ್ತೆರಡು ವರ್ಷದವನಾಗಿದ್ದಾಗ ಬಂದು ಸೇರಿದ. ಕುಳ್ಳ, ಗಟ್ಟಿ ಆಸಾಮಿ, ಕಡಿಮೆ ಮಾತು. ಕಂಪ್ರೆಸರಿಗೆ ಅವನು 'ಅಜ್ಜಿ' ಎನ್ನುತ್ತಿದ್ದ. ಉಪ್ಪುನೀರಿನ ದೊಡ್ಡ ತೊಟ್ಟಿಯನ್ನು ತಣ್ಣಗೆ ಮಾಡುವುದು ಅಜ್ಜಿಯ ಕೆಲಸ. ಆ ತೊಟ್ಟಿಯೊಳಗೆ ಸಿಹಿನೀರು ತುಂಬಿದ ಉದ್ದನೆಯ ಡಬ್ಬಗಳನ್ನು ಇಳಿಬಿಟ್ಟಿರುತ್ತಾರೆ, ಆ ನೀರು ಗಟ್ಟಿಯಾಗಿ ಐಸಿನ ದಿಮ್ಮಿಯಾಗುತ್ತದೆ. ಉಪ್ಪುನೀರನ್ನು ಸದಾ ಕಲಕುತ್ತಿರಲು ಇನ್ನೊಂದು ಸಣ್ಣ ಮೋಟಾರು. ಅದಕ್ಕೆ ಐತಪ್ಪ 'ಪುಳ್ಳಿ' ಎಂದು ಹೆಸರಿಟ್ಟಿದ್ದ. ಅವರ ಕಡೆ ಪುಳ್ಳಿ ಎಂದರೆ ಮೊಮ್ಮಗು.

ಅಜ್ಜಿ ಗಟ್ಟಿಮುಟ್ಟು. ರಗಳೆಯೆಲ್ಲ ಪುಳ್ಳಿಯದು. ವೋಲ್ಟೇಜು ಸ್ವಲ್ಪ ಇಳಿದರೆ ಸಾಕು, ಮುಖ ಊದಿಸಿಕೊಂಡು ನಿಂತುಬಿಡುತ್ತಿತ್ತು. ಅದು ನಿಂತರೆ ತೊಟ್ಟಿಯ ಆಚೆ ತುದಿಗೆ ತಣುಪು ಹೋಗುವುದಿಲ್ಲ, ಅಲ್ಲಿಯ ಡಬ್ಬಗಳಲ್ಲಿ ಐಸಿನ ಬದಲು ತಣ್ಣೀರು ಸಿಗುತ್ತದೆ. ನಿಂತ ಪುಳ್ಳಿಯನ್ನು ಎಬ್ಬಿಸಲು ಮಾಡಬೇಕಾದದ್ದು ಇಷ್ಟೇ: ಪ್ಯಾನೆಲಿನ ಹಸಿರು ಗುಂಡಿ ಒತ್ತಬೇಕು. ಬೆಳಿಗ್ಗೆ ಹತ್ತರವರೆಗೆ ಲೋಡರುಗಳು ಇರುತ್ತಾರೆ, ಮತ್ತೆ ಬರುವುದು ನಾಲ್ಕಕ್ಕೆ. ಈ ನಡುವಿನ ಆರು ಗಂಟೆ, ಬೇಸಿಗೆಯಲ್ಲಿ ವೋಲ್ಟೇಜು ನೆಲಕ್ಕಿಳಿಯುವ ಹೊತ್ತು, ಐತಪ್ಪ ಒಬ್ಬನೇ. ಒಂದು ಹಸಿರು ಗುಂಡಿಗಾಗಿ ಆ ಮನುಷ್ಯ ಇಪ್ಪತ್ತೆರಡು ವರ್ಷ ರಾಯಪುರಂ ಬಿಟ್ಟು ಕದಲಲಿಲ್ಲ. ಲೋಡರುಗಳಿಗೆ ಹೇಳಿಕೊಡಬಹುದಿತ್ತಲ್ಲ ಎಂದು ನೀವು ಕೇಳುತ್ತೀರಿ. 'ಪ್ಯಾನೆಲ್ ಯಾರೂ ಮುಟ್ಟಕೂಡದು' ಎಂದು ಕೆಂಪಕ್ಷರದಲ್ಲಿ ಬೋರ್ಡು ಬರೆಸಿದವನು ನಾನೇ.

ಐತಪ್ಪ ರಜೆ ಕೇಳುತ್ತಿದ್ದದ್ದೇ ಅಪರೂಪ. ಕೇಳಿದರೂ ಪೂರ್ತಿ ಸಿಗುತ್ತಿರಲಿಲ್ಲ. ಮಗಳು ಊರ್ಮಿಳಾ ಹುಟ್ಟಿದಾಗ ಊರಿಗೆ ಹೋದ, ಮೂರನೆಯ ದಿನ ಅಪ್ಪನಿಂದ ತಂತಿ ಹೋಯಿತು. ಅವಳನ್ನು ಶಾಲೆಗೆ ಸೇರಿಸುವ ದಿನ ಹೋದ, ಊರಿನ ಅಂಗಡಿಗೆ ನಾನು ಫೋನು ಮಾಡಿದೆ. ಅವಳು ಹತ್ತನೆಯ ತರಗತಿ ಪಾಸಾದಾಗ ಹೊರಟು ನಿಂತವನನ್ನು ಸೆಂಟ್ರಲ್ ಸ್ಟೇಷನ್ನಿನಿಂದಲೇ ವಾಪಸು ಕರೆಸಿದೆ. ಪ್ರತಿ ಸಲವೂ ನನಗೆ ಬಹಳ ಬೇಸರವಾಗುತ್ತಿತ್ತು. ಬೇಸರಪಟ್ಟುಕೊಂಡೇ ಕರೆಸುತ್ತಿದ್ದೆ.

ಎರಡು ಸಾವಿರದ ಆರರ ಮಾರ್ಚಿನಲ್ಲಿ ಅವನು ಆಫೀಸ್ ರೂಮಿಗೆ ಬಂದು ನಿಂತ.

"ಧಣಿಗಳೇ, ಮಗಳ ಮದುವೆ ನಿಶ್ಚಯ ಆಯ್ತು."

"ಬಹಳ ಸಂತೋಷ ಪಾ! ಯಾವಾಗ?"

"ಮೇ ಇಪ್ಪತ್ತೆರಡು."

ನನ್ನ ಸಂತೋಷ ಅಲ್ಲಿಗೇ ನಿಂತಿತು. ಏಪ್ರಿಲ್ ಮಧ್ಯದಿಂದ ನಲವತ್ತೈದು ದಿನ ಸಮುದ್ರದಲ್ಲಿ ಮೀನು ಹಿಡಿಯುವುದಕ್ಕೆ ಸರ್ಕಾರದ ನಿಷೇಧ. ಮೇ ಇಪ್ಪತ್ತೊಂಬತ್ತಕ್ಕೆ ಅದು ಮುಗಿದ ಕೂಡಲೇ ಹಾರ್ಬರಿನ ದೋಣಿಗಳೆಲ್ಲ ಒಟ್ಟಿಗೆ ಐಸ್ ತುಂಬಿಕೊಂಡು ಹೊರಡುತ್ತವೆ. ಅದಕ್ಕೆ ಹಿಂದಿನ ವಾರವಿಡೀ ನಾವು ದಿಮ್ಮಿ ಮಾಡಿ ಗೋದಾಮು ತುಂಬಿಸಬೇಕು. ವರ್ಷದಲ್ಲಿ ನಮಗೆ ಮುಖ್ಯವಾದ ವಾರ ಅದೊಂದೇ.

"ಅಡಡಾ, ಸೀಸನ್ ಟೈಮ್ ಅಲ್ಲೇನೋ ಅದು," ಎಂದೆ.

"ಹೌದು ಧಣಿ. ನಾನು ಹೇಳಿದೆ. ಅವಳದ್ದು ಒಂದೇ ಮಾತು. ಅಪ್ಪ ಬರುದಾದ್ರೆ ನಾಲ್ಕು ದಿನ ಪೂರ್ತಿ ಬರ್ಬೇಕು. ಅರ್ಧ ಮನಸ್ಸು ಇಲ್ಲಿ, ಅರ್ಧ ಅಲ್ಲಿ ಅಂತಾದ್ರೆ ಬರುದೇ ಬೇಡ, ಧಾರೆ ಎರೆಯುದಕ್ಕೆ ಮಾವ ಇದ್ದಾರೆ ಅಂತ."

ಹೇಳುವಾಗ ಅವನು ನನ್ನ ಮುಖ ನೋಡಲಿಲ್ಲ. ಗೋಡೆಯ ಮೇಲಿದ್ದ ನನ್ನ ಅಪ್ಪನ ಫೋಟೋ ನೋಡುತ್ತಿದ್ದ. ಮನೆಗೆ ಬಂದು ಹೇಳಿದಾಗ ವಿನೋದಾ ಸುಲಭವಾಗಿ ಪರಿಹಾರ ಕೊಟ್ಟಳು. "ನಾಲ್ಕು ದಿನ ಹತ್ತರಿಂದ ನಾಲ್ಕು ನೀವೇ ಹೋಗಿ ಅಲ್ಲಿ ಕೂತ್ಕೊಳ್ಳಿ."

ಇಂಥ ಸಲಹೆಗೆ ಗಂಡಸರು ಉತ್ತರ ಕೊಡುವುದಿಲ್ಲ. ಬೇರೆ ಪರಿಹಾರ ಹುಡುಕುತ್ತಾರೆ.

ವಿನೋದಾಳ ಸೋದರತ್ತೆಯ ಮಗ ಪ್ರಮೋದ ಕ್ರೋಂಪೇಟೆಯಲ್ಲಿ ಇಂಜಿನಿಯರಿಂಗ್ ಓದಿ, ಅಲ್ಲೇ ಸ್ಟೇಷನ್ನಿನ ಹಿಂದೆ ಒಂದು ಶೆಡ್ಡು ಹಾಕಿಕೊಂಡು ಸಣ್ಣ ಕಾರ್ಖಾನೆಗಳಿಗೆ ಏನೇನೋ ಪೆಟ್ಟಿಗೆ ಮಾಡಿಕೊಡುತ್ತಿದ್ದ. ನಮ್ಮ ಮನೆಗೆ ಬಂದು, ಟಿಫನ್ ಡಬ್ಬಿಯಷ್ಟು ದೊಡ್ಡ ಕೆಂಪು ಪೆಟ್ಟಿಗೆಯೊಂದನ್ನು ಮೇಜಿನ ಮೇಲಿಟ್ಟ. ಒಳಗೆ ಒಂದು ಸಿಮ್ ಕಾರ್ಡು. ಹೊರಗೆ ಪುಳ್ಳಿಗೆ ಎರಡು ತಂತಿ, ತೊಟ್ಟಿಯ ಚಳಿ ಅಳೆಯಲು ಇನ್ನೊಂದು ತಂತಿ.

"ಭಾವ, ವೆರಿ ಸಿಂಪಲ್. ನಾಲ್ಕೇ ವಿಷಯ," ಎಂದ. "ಒಂದು, ಮೋಟಾರ್ ನಿಂತರೆ ಇದು ನಿಮಗೆ ಒಂದು ರಿಂಗ್ ಕೊಟ್ಟು ಕಟ್ ಮಾಡತ್ತೆ. ಎರಡು, ನೀವು ಎಲ್ಲಿದ್ರೂ ಸರಿ, ಇದಕ್ಕೆ ಒಂದು ಮಿಸ್ಡ್ ಕಾಲ್ ಕೊಡಿ, ಮೋಟಾರ್ ಮತ್ತೆ ಸ್ಟಾರ್ಟ್ ಆಗತ್ತೆ. ಮೂರು, ಸ್ಟಾರ್ಟ್ ಆದ ಮೇಲೆ 'ಮೋಟಾರ್ ಆನ್' ಅಂತ ಎಸ್ಸೆಮ್ಮೆಸ್ ಬರತ್ತೆ, ತೊಟ್ಟಿ ಎಷ್ಟು ಡಿಗ್ರಿ ಇದೆ ಅಂತಾನೂ ಬರತ್ತೆ."

ನಾಲ್ಕನೆಯದನ್ನು ಅವನು ಹೇಳುವಾಗ ವಿನೋದಾ ಕಾಫಿ ತಂದಳು, ಜೊತೆಗೆ ಬಿಸಿ ಮದ್ದೂರು ವಡೆ. ನಾನು ತಲೆಯಾಡಿಸಿದೆ. ಬರೆದ ಕಾಗದವನ್ನೂ ಅವನು ಕೊಟ್ಟ. ಅದನ್ನು ಭದ್ರವಾಗಿ ಬೀರುವಿನಲ್ಲಿ ಇಟ್ಟೆ.

ಮಿಸ್ಡ್ ಕಾಲ್ ಎಂದ ಕೂಡಲೇ ನನಗೆ ಆ ಪೆಟ್ಟಿಗೆಯ ಮೇಲೆ ಪ್ರೀತಿ ಹುಟ್ಟಿತು. ಆ ಕಾಲ ನಿಮಗೆ ನೆನಪಿರಬೇಕು. ಮಾತಾಡಿದರೆ ದುಡ್ಡು, ರಿಂಗಾದರೆ ಪುಕ್ಕಟೆ. ನಮ್ಮ ಮನೆಯಲ್ಲಿ ಅದೊಂದು ಶಾಸ್ತ್ರವಾಗಿ ಬೆಳೆದಿತ್ತು. ಮಗಳು ಸಂಹಿತಾ ಕಾಲೇಜು ತಲುಪಿದರೆ ಒಂದು ರಿಂಗು. ಬಸ್ಸು ಹತ್ತಿದರೆ ಎರಡು. ನಾನು ಬೀದಿಯ ಕೊನೆಗೆ ಬಂದು ಒಂದು ರಿಂಗು ಕೊಟ್ಟರೆ ವಿನೋದಾ ಅನ್ನಕ್ಕೆ ಕುಕ್ಕರು ಇಡಬೇಕು. ಮುಖ್ಯವಾದ ನಿಯಮ, ಬಂದ ಮಿಸ್ಡ್ ಕಾಲಿಗೆ 'ಗೊತ್ತಾಯಿತು' ಎಂದು ಒಂದು ಮಿಸ್ಡ್ ಕಾಲು ವಾಪಸು ಕೊಡಬೇಕು. ಕೊಡದಿದ್ದರೆ ಅಹಂಕಾರಿ ಎಂದು ಹೆಸರು ಬರುತ್ತದೆ. ಈ ನಿಯಮವನ್ನು ಇಡೀ ಬಂಧುಬಳಗದಲ್ಲಿ ಜಾರಿಗೆ ತಂದವನು ನಾನು.

ಪೆಟ್ಟಿಗೆ ರಾಯಪುರಂ ಸೇರಿತು. ಹತ್ತು ದಿನ ಐತಪ್ಪನ ನಂಬರು ಹಾಕಿ ಪರೀಕ್ಷೆ ಮಾಡಿದರು. ಅವನು ಎರಡೇ ದಿನದಲ್ಲಿ ಕಲಿತ. ಗೇಟಿನ ಹೊರಗೆ ಟೀ ಅಂಗಡಿಯಲ್ಲಿ ನಿಂತು ಮಿಸ್ಡ್ ಕಾಲು ಕೊಟ್ಟು, ಒಳಗೆ ಪುಳ್ಳಿ ತಿರುಗುವ ಸದ್ದು ಕೇಳಿ ನಗುತ್ತಿದ್ದನಂತೆ. ಇಪ್ಪತ್ತೆರಡು ವರ್ಷದಲ್ಲಿ ಅವನು ಟೀ ಅಂಗಡಿಯಲ್ಲಿ ಕೂತು ಟೀ ಕುಡಿದದ್ದು ಅದೇ ಮೊದಲು. ಆಮೇಲೆ ನನ್ನ ನಂಬರನ್ನೂ ಸೇರಿಸಿದರು.

ಮೇ ಇಪ್ಪತ್ತರಂದು ಮಂಗಳೂರು ರೈಲಿಗೆ ಹತ್ತಿಸಲು ನಾನೇ ಹೋದೆ. ವಿನೋದಾ ಮದುಮಗಳಿಗೆ ಮಾವಿನಹಣ್ಣಿನ ಬಣ್ಣದ ಸೀರೆ ಕಳಿಸಿದ್ದಳು. ಕಿಟಕಿಯ ಹತ್ತಿರ ನಿಂತು, ಸುತ್ತಲಿದ್ದವರಿಗೆಲ್ಲ ಕೇಳುವ ಹಾಗೆ ಹೇಳಿದೆ. "ಐತಪ್ಪ, ನಾಲ್ಕು ದಿನ. ನನ್ನಿಂದ ಒಂದೇ ಒಂದು ಕಾಲ್ ನಿನಗೆ ಬಂದರೆ ನನ್ನ ಹೆಸರು ತಿರುಮಲೇಶ ಅಲ್ಲ. ಊರ್ಮಿಳಾಗೆ ಹೇಳು, ಈ ಸಲ ಅಪ್ಪ ಪೂರ್ತಿ ಬಂದಿದಾನೆ ಅಂತ."

ಅವನ ಕಣ್ಣು ತುಂಬಿತು. ನನ್ನದೂ ತುಂಬಿತು. ನನ್ನದು ತುಂಬಿದ್ದು ನನ್ನ ಔದಾರ್ಯ ನೋಡಿ.

ಇಪ್ಪತ್ತೆರಡನೆಯ ತಾರೀಖು. ಅಂದು ನಮ್ಮ ಮನೆಗೆ ಊಟಕ್ಕೆ ನೆಂಟರು ಬಂದಿದ್ದರು. ಬಂದಿದ್ದರು ಎಂದರೆ ನಾನೇ ಕರೆದಿದ್ದೆ. ಫ್ಯಾಕ್ಟರಿಯನ್ನು ಉಯ್ಯಾಲೆಯ ಮೇಲೆ ಕೂತು ನಡೆಸುವುದನ್ನು ನಾಲ್ಕು ಜನ ನೋಡದಿದ್ದರೆ ಏನು ಚೆನ್ನ? ಉಯ್ಯಾಲೆಯ ಮೇಲೆ ಒಂದು ಮಡಿ ಪಂಚೆ ಮಡಿಸಿ ಹಾಸಿ, ಅದರ ಮೇಲೆ ಮೊಬೈಲ್ ಇಟ್ಟಿದ್ದೆ.

ಹನ್ನೊಂದೂ ಹತ್ತಕ್ಕೆ ಅದು ಒಂದು ಸಲ ರಿಂಗಾಗಿ ನಿಂತಿತು. ಪುಳ್ಳಿ ನಿಂತಿದೆ! ನಾನು ಬಾಳೆಹಣ್ಣಿನ ರಸಾಯನ ಕಲಸುತ್ತಿದ್ದೆ, ಎರಡೂ ಕೈ ಅಂಟು. ಕೈ ತೊಳೆದು ಬರುವಷ್ಟರಲ್ಲಿ ಎಸ್ಸೆಮ್ಮೆಸ್ ಬಂದಿತ್ತು. ಮೋಟಾರ್ ಆನ್, ಮೈನಸ್ ಎಂಟು.

ನಾನು ಏನೂ ಮಾಡಿರಲಿಲ್ಲ. ಅದು ತಾನೇ ಎದ್ದುಕೊಂಡಿತ್ತು.

"ನೋಡಿದಿರಾ?" ಎಂದು ನೆಂಟರಿಗೆ ತೋರಿಸಿದೆ. "ನನಗೆ ಕೂಡ ಕಾಯಲಿಲ್ಲ. ಅಷ್ಟು ಬುದ್ಧಿ ಇದಕ್ಕೆ!"

ಬುದ್ಧಿ ಇರುವವರ ಜೊತೆ ನಾವೂ ಮರ್ಯಾದೆಯಿಂದ ನಡೆದುಕೊಳ್ಳಬೇಕಲ್ಲ. 'ಗೊತ್ತಾಯಿತು' ಎಂದು ಒಂದು ಮಿಸ್ಡ್ ಕಾಲು ಕೊಟ್ಟೆ. ಅರ್ಧ ನಿಮಿಷ ಆಗಿರಲಿಲ್ಲ, ಪೆಟ್ಟಿಗೆ ನನಗೆ ವಾಪಸು ಒಂದು ರಿಂಗು ಕೊಟ್ಟಿತು! ಹಿಂದೆಯೇ ಮತ್ತೆ ಎಸ್ಸೆಮ್ಮೆಸ್: ಮೋಟಾರ್ ಆನ್.

"ಎಂಥ ಸಂಸ್ಕಾರ ರೀ! ವಾಪಸು ಕೊಡ್ತು!" ಎಂದು ಕೂಗಿದೆ. ಎಲ್ಲರೂ ಉಯ್ಯಾಲೆಯ ಸುತ್ತ ಸೇರಿದರು. ಮತ್ತೆ ಕೊಟ್ಟೆ. ಮತ್ತೆ ರಿಂಗು, ಮತ್ತೆ ಎಸ್ಸೆಮ್ಮೆಸ್. ಎಂಬತ್ತು ವರ್ಷದ ನಮ್ಮ ಚಿಕ್ಕಮ್ಮ, "ತಾ, ನಾನೂ ಒಂದು ಕೊಡ್ತೀನಿ," ಎಂದು ತಮ್ಮ ನಡುಗುವ ಬೆರಳಿನಿಂದ ಒಂದು ಕೊಟ್ಟು, ಅದು ವಾಪಸು ಬಂದಾಗ ಕೈಮುಗಿದರು. ಊಟಕ್ಕೆ ಏಳುವವರೆಗೆ, ಹನ್ನೆರಡೂವರೆಯೊಳಗೆ, ಒಟ್ಟು ಏಳು ಸಲ ಆಯಿತು. ನಡುವೆ ವಿನೋದಾ ಬಾಗಿಲಲ್ಲಿ ನಿಂತು ಹೇಳಿದಳು. "ಈ ಹೊತ್ತಿಗೆ ಅಲ್ಲಿ ಧಾರೆ ನಡೀತಿರತ್ತೆ, ಅಲ್ವಾ?"

"ನಡೀತಿರತ್ತೆ. ನೆಮ್ಮದಿಯಾಗಿ ನಡೀತಿರತ್ತೆ," ಎಂದೆ. "ಬೆಳಿಗ್ಗೆಯಿಂದ ನಾನು ಒಂದು ಕಾಲ್ ಕೂಡ ಮಾಡಿಲ್ಲ ಅವನಿಗೆ."

ನಿಷೇಧ ಮುಗಿಯುವ ಹೊತ್ತಿಗೆ ಗೋದಾಮು ತುಂಬಿತ್ತು. ಬೇಬಿ ಎಂಬಾಕೆ ನಮ್ಮ ದೊಡ್ಡ ಗಿರಾಕಿ, ಮೂರು ದೋಣಿಯ ಯಜಮಾನಿ, ಅಡಿಕೆ ಹಾಕಿದ ಬಾಯಿ, ಗಂಡಸರ ಗಂಟಲು. ದಿಮ್ಮಿಯನ್ನು ಕೊಕ್ಕೆಯಿಂದ ತಟ್ಟಿ ನೋಡಿ, "ಕಲ್ಲು ಮಾದಿರಿ ಇರುಕ್ಕು ಸಾಮಿ," ಎಂದು ಮೆಚ್ಚಿದಳು, ಕಲ್ಲಿನ ಹಾಗಿದೆಯಂತೆ. ನಾನು ಇಲ್ಲದ ಮೀಸೆ ತಿರುವಿದೆ.

ಐತಪ್ಪ ಹೇಳಿದ ದಿನಕ್ಕೆ ಸರಿಯಾಗಿ ಬಂದ, ಮದುವೆಯ ಲಾಡು ತಂದ. ನಾನು ಪುಳ್ಳಿಯ ಪ್ರತಾಪವನ್ನೆಲ್ಲ ವರ್ಣಿಸಿದೆ. "ತಾನೇ ನಿಲ್ತದೆ, ತಾನೇ ಏಳ್ತದೆ ಕಣೋ! ನಾನು ಸುಮ್ನೆ ಮಾತಾಡಿಸ್ತಾ ಇದ್ದೆ ಅಷ್ಟೆ."

ಅವನು ನನ್ನನ್ನು ಒಂದು ಗಳಿಗೆ ನೋಡಿದ. "ಹೌದಾ ಧಣಿ," ಎಂದು ಒಳಗೆ ಹೋದ.

ಮದುವೆ ಹೇಗಾಯಿತು ಎಂದು ನಾನು ಕೇಳಿದೆನೋ ಇಲ್ಲವೋ, ಈಗ ನೆನಪಿಲ್ಲ. ಕೇಳಿರಲಾರೆ. ಜುಲೈಯಲ್ಲಿ ಸಣ್ಣ ಕೈಗಾರಿಕೆಗಳವರ ಒಂದು ಸಭೆಯಲ್ಲಿ ಕೋಟು ಹಾಕಿಕೊಂಡು ಭಾಷಣ ಮಾಡಿದೆ. ಸಣ್ಣ ಫ್ಯಾಕ್ಟರಿಯವರು ಮಿಷನ್ನುಗಳನ್ನು ಮೊಬೈಲಿಗೆ ಜೋಡಿಸಿಕೊಂಡರೆ ಆಳುಕಾಳಿನ ಹಂಗಿಲ್ಲ, ನನ್ನ ಮೋಟಾರು ನನ್ನ ಮಾತನ್ನೂ ಕಾಯದೆ ಏಳುತ್ತದೆ ಎಂದೆ. ಚಪ್ಪಾಳೆ ಬಿತ್ತು. ಕೆಳಗಿಳಿದಾಗ ಪ್ರಮೋದ ಹುಬ್ಬು ಗಂಟಿಕ್ಕಿಕೊಂಡು ಬಂದ. "ಭಾವ, ಅದು ತಾನಾಗಿ ಸ್ಟಾರ್ಟ್ ಆಗಕ್ಕೆ ಚಾನ್ಸೇ ಇಲ್ಲ. ಯಾರಾದ್ರೂ ಕಾಲ್ ಕೊಡಲೇಬೇಕು." ಹೆತ್ತವರಿಗೆ ಮಕ್ಕಳ ಗುಣ ಗೊತ್ತಿರುವುದಿಲ್ಲ ಎಂದು ಅವನ ಬೆನ್ನು ತಟ್ಟಿದೆ.

ಆಗಸ್ಟಿನಲ್ಲಿ ಮದುವೆಯ ವಿಸಿಡಿ ಬಂತು. ಐತಪ್ಪ ತಾನಾಗಿ ಕೊಟ್ಟದ್ದಲ್ಲ. ಸೀರೆ ಉಟ್ಟದ್ದನ್ನು ನೋಡಬೇಕು ಎಂದು ವಿನೋದಾ ಎರಡು ಮೂರು ಸಲ ಹೇಳಿಕಳಿಸಿದ ಮೇಲೆ ಕೊಟ್ಟ. ಭಾನುವಾರ ಬೆಳಿಗ್ಗೆ ನಾವು ಮೂವರೂ ಟೀವಿಯ ಮುಂದೆ ಕೂತೆವು.

ಹಳ್ಳಿಯ ಮನೆಯಂಗಳದ ಚಪ್ಪರ. ಮಾವಿನಹಣ್ಣಿನ ಬಣ್ಣದ ಸೀರೆಯಲ್ಲಿ ಊರ್ಮಿಳಾ. ಪಕ್ಕದಲ್ಲಿ ಗರಿಗರಿ ಬಿಳಿ ಪಂಚೆ ಉಟ್ಟ ಐತಪ್ಪ. ಅವನನ್ನು ಎಣ್ಣೆ ಕಲೆಯಿಲ್ಲದ ಬಟ್ಟೆಯಲ್ಲಿ ನಾನು ನೋಡಿದ್ದು ಅದೇ ಮೊದಲು. ಕೆಳಗೆ ಮೂಲೆಯಲ್ಲಿ ಹಳದಿ ಅಕ್ಷರದಲ್ಲಿ ಗಂಟೆ ಓಡುತ್ತಿತ್ತು. ಹನ್ನೊಂದೂ ಹತ್ತು. ವಾಲಗದ ನಡುವೆ 'ಟ್ರಿಂಗ್' ಎಂದು ಒಂದು ಸಣ್ಣ ಸದ್ದು. ಐತಪ್ಪನ ಎಡಗೈ ಸೊಂಟಕ್ಕೆ ಹೋಯಿತು. ಪಂಚೆಯ ಮಡಿಕೆಯಲ್ಲಿ ಏನನ್ನೋ ಒತ್ತಿ ಹೊರಗೆ ಬಂತು.

ಸ್ವಲ್ಪ ಹೊತ್ತಿಗೆ ಮತ್ತೆ ಟ್ರಿಂಗ್. ಮತ್ತೆ ಕೈ ಸೊಂಟಕ್ಕೆ.

"ಯಾರೋ ಮದುವೆ ಮನೆಗೆ ಸುಮ್ಮನೆ ಫೋನ್ ಮಾಡ್ತಿದಾರೆ, ಬುದ್ಧಿ ಬೇಡವಾ?" ಎಂದೆ. ನಿಜವಾಗಿ ನಾನೇ ಹೇಳಿದೆ ಆ ಮಾತನ್ನು.

ಹನ್ನೆರಡೂ ಎಂಟಕ್ಕೆ ಧಾರೆ. ಮದುಮಕ್ಕಳ ಕೈ ಸೇರಿಸಿ, ಅದರ ಮೇಲೆ ತೆಂಗಿನಕಾಯಿ ಇಟ್ಟು, ತಂದೆತಾಯಿ ಗಿಂಡಿ ಹಿಡಿದು ನೀರು ಎರೆಯಬೇಕು. ಐತಪ್ಪನ ಹೆಂಡತಿ ಎರಡೂ ಕೈಯಲ್ಲಿ ಹಿಡಿದಿದ್ದಾಳೆ. ಐತಪ್ಪನದು ಬಲಗೈ ಮಾತ್ರ. ಟ್ರಿಂಗ್. ಎಡಗೈ ಸೊಂಟದಲ್ಲಿ. ಹಿರಿಯರೊಬ್ಬರ ದನಿ ಜೋರಾಗಿ ಕೇಳಿತು. "ಎರಡು ಕೈಯಲ್ಲಿ ಹಿಡಿ ಮಾರಾಯಾ! ನಿನ್ನ ಇನ್ನೊಂದು ಕೈ ಎಲ್ಲಿ ಉಂಟು?"

ನಾಲ್ಕು ಜನ ನಕ್ಕರು. ಊರ್ಮಿಳಾ ನಗಲಿಲ್ಲ. ಅವಳು ಅಪ್ಪನ ಮುಖ ನೋಡಲಿಲ್ಲ, ಅವನ ಸೊಂಟದ ಕಡೆ ನೋಡಿದಳು, ಆಮೇಲೆ ತಲೆ ತಗ್ಗಿಸಿದಳು. ನೀರು ಬೀಳುತ್ತಿತ್ತು. ಅವನು ಎಡಗೈ ತಂದು ಗಿಂಡಿಗೆ ಇಡುವಷ್ಟರಲ್ಲಿ ಧಾರೆ ಮುಗಿದಿತ್ತು.

ಸಂಹಿತಾ ರಿಮೋಟು ಒತ್ತಿ ಚಿತ್ರ ನಿಲ್ಲಿಸಿದಳು. ನನ್ನ ಮೊಬೈಲು ಎತ್ತಿಕೊಂಡಳು. ಆ ದಿನದ ಎಸ್ಸೆಮ್ಮೆಸುಗಳನ್ನು ನಾನು ಅಳಿಸದೆ ಪ್ರಶಸ್ತಿಪತ್ರದ ಹಾಗೆ ಇಟ್ಟುಕೊಂಡಿದ್ದೆ. ಹನ್ನೊಂದೂ ಹನ್ನೆರಡು. ಹನ್ನೊಂದೂ ಇಪ್ಪತ್ತೊಂದು. ಹನ್ನೆರಡೂ ಒಂಬತ್ತು. ಅವಳು ಎದ್ದು ಬೀರುವಿನಿಂದ ಪ್ರಮೋದನ ಕಾಗದ ತೆಗೆದು ನಾಲ್ಕನೆಯ ಸಾಲು ಓದಿದಳು. 'ಮೋಟಾರ್ ಓಡುತ್ತಿರುವಾಗ ಮಿಸ್ಡ್ ಕಾಲ್ ಕೊಟ್ಟರೆ ನಿಲ್ಲುತ್ತದೆ.' ಅದರ ಕೆಳಗೆ ಐದನೆಯದೂ ಇತ್ತು, ಪ್ರಮೋದ ಪೆನ್ನಿನಲ್ಲಿ ಸೇರಿಸಿದ್ದ. 'ಐತಪ್ಪ ಊರಿಗೆ ಹೋಗುವ ಮೊದಲು ಅವರ ನಂಬರ್ ತೆಗೆಸಲು ನನಗೆ ಹೇಳಿ.'

ಮನೆಯಲ್ಲಿ ನಾವು ಕನ್ನಡದಲ್ಲಿ ಕೇಳಿದರೆ ಅವಳು ತಮಿಳಿನಲ್ಲಿ ಉತ್ತರಿಸುವವಳು. ಅಂದು ನಾನು ಏನೂ ಕೇಳಿರಲಿಲ್ಲ. "ಅಪ್ಪಾ, ನೀ ಆಫ್ ಪಣ್ಣಿಯಿರುಕ್ಕೆ. ಅವರು ಆನ್ ಪಣ್ಣಿಯಿರುಕ್ಕಾರು," ಎಂದಳು. "ಏಳು ವಾಟಿ."

ನಾನು ಆಫ್ ಮಾಡಿದ್ದೆ. ಅವನು ಆನ್ ಮಾಡಿದ್ದ. ಏಳು ಸಲ. ಮೊದಲ ಸಲ ನಿಲ್ಲಿಸಿದ್ದು ವೋಲ್ಟೇಜು, ಉಳಿದ ಸಲವೆಲ್ಲ ನಾನು. ಒಂದು ಸಲ ನಮ್ಮ ಚಿಕ್ಕಮ್ಮ. 'ಸಂಸ್ಕಾರ' ಎಂದು ನಾನು ಕುಣಿದಾಡಿದ ಆ ರಿಂಗು, ಅಯ್ಯೋ ನಿಂತುಹೋದೆ ಎಂದು ಪುಳ್ಳಿ ಕೂಗಿಕೊಂಡದ್ದು. ಆ ಕೂಗು ನನಗೆ ಕೇಳಿದ ಗಳಿಗೆಯಲ್ಲೇ ಇನ್ನೂರು ಹರದಾರಿ ಆಚೆ, ಧಾರೆ ಎರೆಯುತ್ತಿದ್ದವನ ಸೊಂಟದಲ್ಲೂ ಕೇಳುತ್ತಿತ್ತು. ನಾನು ಒಂದು ಕಾಲ್ ಕೂಡ ಮಾಡಲಿಲ್ಲ ಎಂದು ಎದೆ ತಟ್ಟಿಕೊಂಡು, ಅವನ ಮಗಳ ಮದುವೆಯನ್ನು ರಸಾಯನದ ಕೈಯಲ್ಲಿ ಹಾಳು ಮಾಡಿದ್ದೆ.

ವಿನೋದಾ ಎದ್ದು ವಿಸಿಡಿಯನ್ನು ಹೊರತೆಗೆದು ಅದರ ಕವರಿಗೆ ಹಾಕಿದಳು. ಬೈದಿದ್ದರೆ ಚೆನ್ನಾಗಿತ್ತು.

ಮರುದಿನ ಫ್ಯಾಕ್ಟರಿಗೆ ಹೋಗಿ ಆಫೀಸ್ ರೂಮು ದಾಟಿ ಒಳಗೆ ಹೋದೆ. ಐತಪ್ಪ ಅಜ್ಜಿಗೆ ಎಣ್ಣೆ ಹಾಕುತ್ತಿದ್ದ.

"ಯಾಕೋ ಹೇಳಲಿಲ್ಲ?" ಎಂದೆ. "ಅವತ್ತೇ ಒಂದು ಫೋನ್ ಮಾಡಿ, ಧಣಿ ಸುಮ್ನೆ ಕೂತ್ಕೊಳ್ಳಿ ಅನ್ನಬಾರದಿತ್ತಾ?"

"ಧಾರೆ ಹೊತ್ತಲ್ಲಿ ಮಾತಾಡ್ಲಿಕ್ಕೆ ಆಗ್ತದಾ ಧಣಿ? ಮಿಸ್ಡ್ ಕಾಲ್ ಆದ್ರೆ ಯಾರಿಗೂ ಗೊತ್ತಾಗುದಿಲ್ಲ ಅಂತ ಎಣಿಸಿದೆ."

"ಬಂದ ಮೇಲಾದರೂ ಹೇಳಬಹುದಿತ್ತು."

ಅವನು ಎಣ್ಣೆಯ ಡಬ್ಬ ಕೆಳಗಿಟ್ಟು ಕೈ ಒರೆಸಿಕೊಂಡ. "ಎಂತ ಹೇಳುದು? ನೀವು ಮಾತು ಉಳಿಸಿದ್ರಲ್ಲ. ಒಂದು ಕಾಲ್ ಮಾಡ್ಲಿಲ್ಲ. ಮಾಡಿದ್ದು ಪೆಟ್ಟಿಗೆ."

ವ್ಯಂಗ್ಯವಾಗಿ ಹೇಳಿದ್ದರೆ ತಡೆದುಕೊಳ್ಳುತ್ತಿದ್ದೆ. ಅವನು ನಿಜವಾಗಿಯೂ ಹಾಗೇ ನಂಬಿದ್ದ.

"ಊರ್ಮಿಳಾ ಏನಂದಳು?"

"ಎಂತ ಹೇಳ್ತಾಳೆ. ಈಗ ಮನೆಗೆ ಬಂದಿದ್ದಾಳೆ, ನಾನು ಫೋನ್ ಮಾಡಿದ್ರೆ ಅಮ್ಮನಿಗೆ ಕೊಡ್ತಾಳೆ," ಎಂದು ಮತ್ತೆ ಡಬ್ಬ ಎತ್ತಿಕೊಂಡ.

ನಾನು ಅವನ ಎದುರಿಗೆ ನಿಂತು ಅತ್ತೆ. ಅಮೋನಿಯಾ ವಾಸನೆಗೆ ಕಣ್ಣು ಉರಿಯಿತು ಎಂದು ಹೇಳಿಕೊಳ್ಳಬಹುದು, ಅಂಥ ಅನುಕೂಲ ಆ ಜಾಗದಲ್ಲಿದೆ. ಆದರೆ ಅತ್ತೆ.

ಮರು ವರ್ಷ ಮೇ ತಿಂಗಳಲ್ಲೇ ಊರ್ಮಿಳಾಳ ಮಗುವನ್ನು ತೊಟ್ಟಿಲಿಗೆ ಹಾಕುವ ಶಾಸ್ತ್ರ ಬಂತು. ಅದೇ ಸೀಸನ್ನು, ಅದೇ ವೋಲ್ಟೇಜು. ಕರೆದದ್ದು ಅಮ್ಮನ ಮೂಲಕ. ಐತಪ್ಪ, "ನಾನು ಹೋಗುದಿಲ್ಲ ಧಣಿ, ಹೋಗಿ ಮತ್ತೆ ಎಂತಾದ್ರೂ ಆದ್ರೆ," ಎಂದ.

"ಫೋನ್ ಕೊಡು," ಎಂದೆ.

ಕೊಟ್ಟ. ಸ್ವಿಚ್ ಆಫ್ ಮಾಡಿ, ಪ್ಯಾನೆಲಿನ ಪಕ್ಕದ ಮೊಳೆಗೆ ಅದರ ದಾರ ನೇತುಹಾಕಿದೆ. ಪೆಟ್ಟಿಗೆಯಿಂದ ಅವನ ನಂಬರನ್ನು ಮೊದಲೇ ತೆಗೆಸಿದ್ದೆ. ಆದರೂ ಫೋನು ಕಸಿದುಕೊಂಡೆ, ಪೆಟ್ಟಿಗೆಯನ್ನು ನಂಬಿದರೂ ನನ್ನನ್ನು ನಂಬುವ ಹಾಗಿರಲಿಲ್ಲ. ಕೆಂಪಕ್ಷರದ ಬೋರ್ಡನ್ನೂ ಕಿತ್ತು, ಲೋಡರುಗಳಿಗೆ ಹಸಿರು ಗುಂಡಿ ತೋರಿಸಿಕೊಟ್ಟೆ. ಆಮೇಲೆ ನಾಲ್ಕು ದಿನ, ಹತ್ತರಿಂದ ನಾಲ್ಕು, ಮೊಸರನ್ನದ ಕ್ಯಾರಿಯರು ಇಟ್ಟುಕೊಂಡು ಐತಪ್ಪನ ಮರದ ಸ್ಟೂಲಿನ ಮೇಲೆ ಕೂತೆ. ವಿನೋದಾ ಮೊದಲ ದಿನವೇ ಹೇಳಿದ ಪರಿಹಾರ, ಹದಿನಾಲ್ಕು ತಿಂಗಳು ತಡವಾಗಿ.

ಪೆಟ್ಟಿಗೆ ಉಪಯೋಗಕ್ಕೆ ಬರಲಿಲ್ಲವೇ ಎಂದರೆ, ಬಂತು. ಅಜ್ಜಿಯ ಗುಂಯ್‌ಗುಡುವ ಸದ್ದಿಗೆ ನನಗೆ ಹತ್ತು ನಿಮಿಷಕ್ಕೊಮ್ಮೆ ತೂಕಡಿಕೆ. ಅದರ ನಡುವೆ ಪುಳ್ಳಿ ನಿಂತರೆ ಐತಪ್ಪನಿಗಾದರೆ ಕಿವಿಯಲ್ಲೇ ಗೊತ್ತಾಗುತ್ತಿತ್ತು, ನನಗೆ ಎಲ್ಲಿ ಗೊತ್ತಾಗಬೇಕು! ಮೊಬೈಲು ಒಂದು ಸಲ ರಿಂಗಾಗುತ್ತಿತ್ತು. ಎದ್ದು ಹನ್ನೊಂದು ಹೆಜ್ಜೆ ನಡೆದು ಹಸಿರು ಗುಂಡಿ ಒತ್ತುತ್ತಿದ್ದೆ. ವಾಪಸು ಮಿಸ್ಡ್ ಕಾಲು ಕೊಡಲು ಬೆರಳು ತುರಿಸುತ್ತಿತ್ತು, ಕೈ ಕಟ್ಟಿಕೊಂಡು ಕೂರುತ್ತಿದ್ದೆ. ಬೇಬಿ ಬಂದು ಬಾಗಿಲಲ್ಲಿ ನಿಂತು ಕಣ್ಣರಳಿಸಿ, "ಇನ್ನಾ ಸಾಮಿ, ಮೀನ್ ವಾಸನೆ ಒತ್ತುಕ್ಕಿಚ್ಚಾ?" ಎಂದು ಕೇಳಿದಳು. ಒಗ್ಗಿತ್ತು. ಮೂರನೆಯ ದಿನ ಕರ್ಚೀಫು ಮನೆಯಲ್ಲೇ ಮರೆತು ಬಂದಿದ್ದೆ.

ಈಗ ಐತಪ್ಪ ಎರಡು ತಿಂಗಳಿಗೊಮ್ಮೆ ಊರಿಗೆ ಹೋಗುತ್ತಾನೆ. ಹೋಗುವಾಗ ಫೋನನ್ನು ತಾನೇ ಆ ಮೊಳೆಗೆ ತೂಗುಹಾಕುತ್ತಾನೆ.

ತೊಟ್ಟಿಲ ಶಾಸ್ತ್ರದಿಂದ ಬಂದಾಗ ಅವನು ಒಂದು ಫೋಟೋ ತಂದಿದ್ದ. ಊರ್ಮಿಳಾ ಅಪ್ಪನಿಗೆ ಮಗುವನ್ನು ಕೊಡುತ್ತಿದ್ದಾಳೆ. ಈ ಸಲ ಅವಳು ಅವನ ಮುಖವನ್ನೇ ನೋಡುತ್ತಿದ್ದಾಳೆ. ಸಂಪಾದಕರೇ, ನನ್ನ ಫೋಟೋದ ಬದಲು ಅದನ್ನೇ ಇದರ ಜೊತೆ ಇಟ್ಟಿದ್ದೇನೆ. ಚಿಕ್ಕದು ಮಾಡಿ ಹಾಕುವಾಗ ದಯವಿಟ್ಟು ಕೆಳಗಿನ ಭಾಗ ಕತ್ತರಿಸಬೇಡಿ. ಮಗುವಿನ ಕೆಳಗೆ ಐತಪ್ಪನ ಎರಡೂ ಕೈ ಇವೆ.